ಜಲಜಕ್ಕನ ಹೋಟೆಲಿಗೆ ಮುದ್ದ ಮೀನೂಟಕ್ಕೆ ಹೋದದ್ದು

ಪೆದ್ದನ ಕತೆ ಹೇಳಿದರೆ ಪೆದ್ದನಿಗೇ ಮೊದಲು ಸಿಟ್ಟು ಬರುತ್ತದಂತೆ. ನಿಮ್ಮಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಈಗಲೇ ಎದ್ದು ಹೋಗಿ ಮಾರಾಯ್ರೇ. ನಾವು ಏನೂ ಕೇಳುವುದಿಲ್ಲ, ಗುರುತು ಮಾತ್ರ ಇಟ್ಟುಕೊಳ್ಳುತ್ತೇವೆ. ಯಾರೂ ಏಳುವುದಿಲ್ಲವಾ? ಹಾಗಾದರೆ ಕೇಳಿ.

ಸಮುದ್ರದ ಬದಿಯಲ್ಲಿ ಒಂದು ಊರು. ಆ ಊರಿನಲ್ಲಿ ರಾಧು ಅಂತ ಒಬ್ಬ ಹೆಂಗಸು. ಬೆಳಗಾದರೆ ದೋಣಿ ಬರುವ ದಕ್ಕೆಗೆ ಹೋಗುವುದು, ಮೀನು ಆರಿಸುವುದು, ಬುಟ್ಟಿ ತಲೆಯ ಮೇಲಿಟ್ಟು ಮನೆಮನೆಗೆ ಮಾರುವುದು. ಗಂಡ ಇಲ್ಲ. ಬಾಯಿ ಗಟ್ಟಿ, ಕೈ ಗಟ್ಟಿ, ಕಾಲು ಗಟ್ಟಿ. ಮೆತ್ತಗಿದ್ದದ್ದು ಒಂದೇ, ಅವಳು ಹೆತ್ತ ಮಗನ ಮಂಡೆ.

ಮಗನ ಹೆಸರು ಮುದ್ದ. ಊರಿನವರು ಕರೆಯುವುದು ಪೆದ್ದ. ಎರಡಕ್ಕೂ ಅವನು "ಓ" ಅನ್ನುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹೆಗ್ಗಣ ಆದರೂ ಆಗಬಹುದಿತ್ತು. ಅದಕ್ಕೆ ತನ್ನ ಬಿಲ ಯಾವುದು ಅಂತ ಗೊತ್ತಿರುತ್ತದೆ. ಇವನು ಆಳು ನೋಡಿದರೆ ತೆಂಗಿನ ಮರದಷ್ಟು ಉದ್ದ, ಬುದ್ಧಿ ನೋಡಿದರೆ ಅದರ ಬುಡದ ಹುಲ್ಲಿನಷ್ಟು. ಒಂದು ಸಲ ರಾಧು, "ಮುದ್ದಾ, ಬುಟ್ಟಿಯ ಮೀನಿಗೆ ಒಂದು ನೊಣ ಕೂರಬಾರ್ದು, ನೋಡ್ಕೋ" ಅಂತ ಹೇಳಿ ನೀರು ಕುಡಿಯಲು ಒಳಗೆ ಹೋದಳು. ಬಂದು ನೋಡಿದರೆ ಬುಟ್ಟಿ ಖಾಲಿ.

"ಮೀನೆಲ್ಲಿ ಮಾರಾಯ?"

"ಸಮುದ್ರಕ್ಕೆ ಹಾಕಿ ಬಂದೆ ಅಮ್ಮ. ಈಗ ಒಂದು ನೊಣ ಕೂರಲಿ ನೋಡುವ!"

ಇಂಥವನನ್ನು ಇಟ್ಟುಕೊಂಡ ತಾಯಿಗೆ ಚಿಂತೆ ಎಷ್ಟಿರಬೇಡ? ಆದರೆ ರಾಧುವಿನ ಚಿಂತೆ ಒಂದೇ. ತಾನು ಇರುವಾಗಲೇ ಇವನನ್ನು ಒಂದು ಗಟ್ಟಿ ಹೆಣ್ಣಿನ ಕೈಗೆ ಒಪ್ಪಿಸಬೇಕು. ಇಲ್ಲದಿದ್ದರೆ ತಾನು ಕಣ್ಣು ಮುಚ್ಚಿದ ಮಾರನೆಯ ದಿನವೇ ಇವನು ಹಸಿದು ಸಾಯುತ್ತಾನೆ. ಅನ್ನ ಇಲ್ಲದೆ ಅಲ್ಲ. ಅನ್ನ ಎದುರಿಗೇ ಇರುತ್ತದೆ. ಉಣ್ಣು ಅಂತ ಹೇಳುವವರು ಇರುವುದಿಲ್ಲ.

ಈಗ ಆ ಗಟ್ಟಿ ಹೆಣ್ಣಿನ ವಿಷಯ. ದಕ್ಕೆಯ ರಸ್ತೆಯಲ್ಲಿ ಜಲಜಕ್ಕನ ಮೀನೂಟದ ಹೋಟೆಲು. ತಗಡಿನ ಮಾಡು, ಉದ್ದ ಬೆಂಚು, ಬಾಳೆ ಎಲೆ. ಎಲೆಗೆ ಕುಚ್ಚಲಕ್ಕಿ ಅನ್ನ, ಕೆಂಪು ಕೆಂಪು ಮೀನು ಸಾರು, ಕಾವಲಿಯಿಂದ ಚುಂಯ್ ಅನ್ನುತ್ತ ಬರುವ ಮೀನು ಫ್ರೈ, ಬದಿಗೆ ಒಂದು ಹಿಡಿ ಹಲಸಿನಕಾಯಿ ಚಿಪ್ಸ್. ಆ ಫ್ರೈ, ಆ ಚಿಪ್ಸಿಗಾಗಿ ಬಸ್ಸನ್ನೇ ನಿಲ್ಲಿಸಿ ಇಳಿದು ಬರುತ್ತಿದ್ದ ಡ್ರೈವರ್ ಸೇಸಪ್ಪ. ಕಾವಲಿಯ ಎದುರು ನಿಂತು ಮೀನು ಕಾಯಿಸುವವಳು ಜಲಜಕ್ಕನ ಮಗಳು ವಾರಿಜ. ಮಸಾಲೆ ಅರೆದು ಅರೆದು ಅವಳ ಮಾತೂ ಅಷ್ಟೇ ಖಾರ.

ವಾರಿಜಳಿಗೆ ಗಂಡು ನೋಡುತ್ತಿದ್ದರು. ಹೋಟೆಲು ಬಿಟ್ಟು ಅವಳು ಹೋಗುವ ಹಾಗಿಲ್ಲ, ಮನೆ ಅಳಿಯನೇ ಬೇಕು. ಜಲಜಕ್ಕ ಜಾತಕ ಗೀತಕ ನೋಡುವವಳಲ್ಲ. ಅವಳು ನೋಡುವುದು ಒಂದೇ, ಮೀನು ತಿನ್ನುವುದನ್ನು.

"ಮೀನು ತಿನ್ಲಿಕ್ಕೆ ಬರುವವನಿಗೆ ಬದುಕ್ಲಿಕ್ಕೆ ಬರ್ತದೆ. ಮುಳ್ಳು ಬಿಡಿಸ್ಲಿಕ್ಕೆ ಗೊತ್ತಿಲ್ಲದವ ಸಂಸಾರ ಎಂತ ಮಾಡ್ತಾನೆ? ಗಂಡು ಬರ್ಲಿ, ಮಧ್ಯಾಹ್ನ ನನ್ನ ಬೆಂಚಲ್ಲಿ ಕೂತು ಊಟ ಮಾಡ್ಲಿ, ನಾನು ನೋಡ್ತೇನೆ!"

ಹಾಗೆ ನೋಡಿ ನೋಡಿ ಬಂದ ಗಂಡುಗಳನ್ನೆಲ್ಲ ಓಡಿಸಿದ್ದಳು. ಒಬ್ಬ ಎರಡು ಕೈಯಲ್ಲಿ ಬಂಗುಡೆ ಹರಿದ, ಬೇಡ. ಒಬ್ಬ ಮೀನಿನ ತಲೆ ಬೆಕ್ಕಿಗೆ ಹಾಕಿದ. "ತಲೆ ಬಿಟ್ಟವನಿಗೆ ತಲೆಯೇ ಇಲ್ಲ", ಬೇಡ. ಒಬ್ಬ ಬಂದವನೇ ಮೊಟ್ಟೆ ಸಾರು ಉಂಟಾ ಅಂತ ಕೇಳಿದ; ಅವನನ್ನು ಕೂರಲಿಕ್ಕೇ ಬಿಡಲಿಲ್ಲ.

ಅಂಥ ಕಡೆಗೆ ರಾಧು ಮಗನನ್ನು ಕಳಿಸುವುದಾ ಅಂತ ನೀವು ಕೇಳಬಹುದು. ರಾಧುವಿನ ಕೈಯಲ್ಲಿ ಒಂದು ಬಲ ಇತ್ತು. ದಕ್ಕೆಯ ಒಳ್ಳೊಳ್ಳೆಯ ಮೀನು ಮೊದಲು ಬೀಳುವುದು ಅವಳ ಬುಟ್ಟಿಗೆ, ಅವಳ ಬುಟ್ಟಿ ಮೊದಲು ಇಳಿಯುವುದು ಜಲಜಕ್ಕನ ಬಾಗಿಲಲ್ಲಿ. ರಾಧು ಮುನಿದರೆ ಜಲಜಕ್ಕನ ಕಾವಲಿಗೆ ಬಾಲವೂ ಇಲ್ಲ. ಅದಕ್ಕೇ ಜಲಜಕ್ಕ, "ಬರ್ಲಿ ಮಾರಾಯ್ತಿ, ನೋಡುವ" ಅಂದಳು.

ರಾಧು ಮಗನನ್ನು ಎಣ್ಣೆ ಹಚ್ಚಿ ಮೀಯಿಸಿದಳು. ಬಿಳಿ ಅಂಗಿ ಹಾಕಿಸಿದಳು. ತಲೆ ಬಾಚಿದಳು.

"ಮುದ್ದಾ, ಹೆಣ್ಣು ಕೊಡುವ ಮನೆಯ ಊಟ ಇದು. ಅವರು ಬಡಿಸಿದ್ದಕ್ಕೆ ಬೇಡ ಅನ್ಬಾರ್ದು. ಬೇಡ ಅಂದ್ರೆ ಕೈರುಚಿಗೆ ಅವಮಾನ. ಗೊತ್ತಾಯ್ತಾ?"

"ಗೊತ್ತಾಯ್ತು ಅಮ್ಮ."

ಹೊರಟ. ದಾರಿಯುದ್ದಕ್ಕೂ ಬೇಡ ಅನ್ಬಾರ್ದು, ಬೇಡ ಅನ್ಬಾರ್ದು, ಬೇಡ ಅನ್ಬಾರ್ದು. ಹೋಟೆಲಿಗೆ ಹೋಗಿ ಕೂತ.

ಜಲಜಕ್ಕ ಅನ್ನ ಬಡಿಸಿದಳು, ಸಾರು ಬಡಿಸಿದಳು, ಬಂಗುಡೆ ಬಡಿಸಿದಳು. ಮುದ್ದ ತಿಂದ.

"ಇನ್ನು ಸ್ವಲ್ಪ ಅನ್ನ ಹಾಕ್ಲಾ?"

ಬೇಡ ಅನ್ನಲಿಲ್ಲ. ಹಾಕಿದಳು. ತಿಂದ.

"ಇನ್ನೊಂದು ಬಂಗುಡೆ?"

ಬೇಡ ಅನ್ನಲಿಲ್ಲ. ಹಾಕಿದಳು. ತಿಂದ.

"ನೋಡೇ ವಾರಿಜಾ, ಗಂಡಸು ಅಂದ್ರೆ ಹೀಗೆ ಉಣ್ಬೇಕು!" ಜಲಜಕ್ಕನಿಗೆ ಖುಷಿ. ಖುಷಿಯಲ್ಲಿ ಇನ್ನೂ ಹಾಕಿದಳು. ಮುದ್ದನ ಹೊಟ್ಟೆ ತುಂಬಿತು. ಬೇಡ ಅನ್ನಲಿಲ್ಲ. ಗಂಟಲು ತುಂಬಿತು. ಬೇಡ ಅನ್ನಲಿಲ್ಲ. ಎಲೆ ತುಂಬಿ ಅನ್ನ ಬೆಂಚಿಗೆ ಬಂತು, ಬೆಂಚು ತುಂಬಿ ತೊಡೆಗೆ ಬಂತು, ತೊಡೆ ತುಂಬಿ ನೆಲಕ್ಕೆ ಬಂತು. ಎದುರು ಕೂತ ಡ್ರೈವರ್ ಸೇಸಪ್ಪ, "ಅಕ್ಕಾ, ಬಸ್ಸು ಹೊರಡ್ಬೇಕು, ನಮಗೂ ಒಂದು ಸೌಟು ಉಂಟಾ?" ಅಂತ ಕೇಳುವಾಗ ಅನ್ನದ ಹಂಡೆಯಲ್ಲಿ ಸೌಟಿನ ಸದ್ದು ಮಾತ್ರ ಉಳಿದಿತ್ತು.

"ಇನ್ನು ಒಲೆ ಒಂದು ಬಾಕಿ ಉಂಟು. ಅದನ್ನೂ ಬಡಿಸ್ಲಾ?" ಜಲಜಕ್ಕ ಸಿಟ್ಟಿನಲ್ಲಿ ಕೂಗಿದಳು.

ಬೇಡ ಅನ್ನಲಿಲ್ಲ ಪುಣ್ಯಾತ್ಮ.

ಮನೆಗೆ ಬಂದವನಿಗೆ ಬಗ್ಗಲಿಕ್ಕಾಗುವುದಿಲ್ಲ, ಕೂರಲಿಕ್ಕಾಗುವುದಿಲ್ಲ. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು.

"ಎಂತಕ್ಕೋ ಹೀಗೆ ಮಾಡಿದೆ?"

"ನೀನೇ ಹೇಳಿದ್ದಲ್ವಾ ಅಮ್ಮ, ಬೇಡ ಅನ್ಬಾರ್ದು ಅಂತ?"

"ಹೇಳಿದ್ದು ಹೌದು ಕರ್ಮವೇ! ಸಾಕಾದ್ರೆ ಬಾಯಲ್ಲಿ ಹೇಳುದಲ್ಲ, ಎಲೆಯ ಮೇಲೆ ಕೈ ಅಡ್ಡ ಹಿಡಿಯುದು! ಎಲ್ಲರೂ ಹಾಗೇ ಮಾಡುದು! ಬಡಿಸ್ಲಿಕ್ಕೆ ಬಂದ್ರೆ ಕೈ ಅಡ್ಡ!"

"ಹಾಗಾ? ಆಯ್ತು ಅಮ್ಮ. ಇನ್ನು ಹಾಗೇ ಮಾಡ್ತೇನೆ."

ಮರುದಿನ ರಾಧು ಒಂದು ಬುಟ್ಟಿ ಹೊಳೆಯುವ ಕಾಣೆ ಮೀನು ತೆಗೆದುಕೊಂಡು ಹೋಗಿ ಜಲಜಕ್ಕನ ಎದುರು ಇಳಿಸಿದಳು. ಜಲಜಕ್ಕ ಕಾಣೆ ನೋಡಿದಳು, ರಾಧುವಿನ ಮುಖ ನೋಡಿದಳು. "ಇನ್ನೊಮ್ಮೆ ಕಳಿಸು" ಅಂದಳು.

ಮುದ್ದ ಹೊರಟ. ಬಡಿಸ್ಲಿಕ್ಕೆ ಬಂದ್ರೆ ಕೈ ಅಡ್ಡ, ಬಡಿಸ್ಲಿಕ್ಕೆ ಬಂದ್ರೆ ಕೈ ಅಡ್ಡ. ಹೋಗಿ ಕೂತ. ಪಕ್ಕದಲ್ಲಿ ಸೇಸಪ್ಪ.

ಜಲಜಕ್ಕ ಅನ್ನ ತಂದಳು. ಕೈ ಅಡ್ಡ.

"ಅಯ್ಯೋ, ಇನ್ನೂ ಬಡಿಸ್ಲೇ ಇಲ್ಲ ಮಾರಾಯ!"

ಕೈ ಅಡ್ಡ. ಚಿಪ್ಸ್ ತಂದಳು, ಕೈ ಅಡ್ಡ. ಕಾಣೆ ಫ್ರೈ ತಂದಳು. ಮೂಗು ಅರಳಿತು, ಬಾಯಲ್ಲಿ ನೀರು ಬಂತು, ಆದರೂ ಕೈ ಅಡ್ಡ. "ಇವನಿಗೆ ಹಸಿವಿಲ್ಲ ಕಾಣ್ತದೆ" ಅಂತ ಜಲಜಕ್ಕ ಸೇಸಪ್ಪನ ಕಡೆ ತಿರುಗಿ ಕುದಿಯುವ ಮೀನು ಸಾರು ಒಂದು ಸೌಟು ತುಂಬ ಎತ್ತಿದಳು.

ಬಡಿಸ್ಲಿಕ್ಕೆ ಬಂದ್ರೆ ಕೈ ಅಡ್ಡ! ಯಾರ ಎಲೆಗೆ ಅಂತ ಅಮ್ಮ ಹೇಳಿರಲಿಲ್ಲ. ಮುದ್ದ ಸೇಸಪ್ಪನ ಎಲೆಗೂ ಕೈ ಅಡ್ಡ ಹಿಡಿದ.

ಆಮೇಲೆ ಕೇಳಬೇಡಿ. ಸಾರು ಬಿದ್ದದ್ದು ಕೈಗೆ. ಕೈ ಹಾರಿದ್ದು ಮೇಲಕ್ಕೆ. ಕೈಯೊಟ್ಟಿಗೆ ಎಲೆ, ಎಲೆಯೊಟ್ಟಿಗೆ ಅನ್ನ, ಎಲ್ಲ ಸೇಸಪ್ಪನ ಖಾಕಿ ಅಂಗಿಗೆ. ಮುದ್ದ ಕೈ ಕಂಕುಳಲ್ಲಿ ಇಟ್ಟುಕೊಂಡು ಹೋಟೆಲಿಡೀ ಕುಣಿದ. ಸೇಸಪ್ಪ ಆ ದಿನ ಜೇಬಿನಲ್ಲಿ ಒಂದು ಕಾಣೆಯ ಬಾಲ ಇಟ್ಟುಕೊಂಡೇ ಬಸ್ಸು ಬಿಟ್ಟ ಅಂತ ಕಂಡಕ್ಟರ್ ಊರಿಡೀ ಹೇಳಿದ.

"ಈ ಪಿಶಾಚಿ ನಮಗೆ ಬೇಡ!" ಜಲಜಕ್ಕ ಹೇಳಿದಳು.

ಆಗ ಮಾತಾಡಿದವಳು ವಾರಿಜ. "ಇರ್ಲಿ ಬಿಡಮ್ಮ. ಪೆದ್ದ ಹೌದು. ಆದ್ರೆ ಹೇಳಿದ್ದನ್ನು ಕೇಳ್ತಾನೆ. ಈ ಊರಲ್ಲಿ ಹೇಳಿದ್ದನ್ನು ಕೇಳುವ ಗಂಡಸು ಇನ್ನೊಬ್ಬ ಇದ್ರೆ ತೋರ್ಸು ನೋಡುವ. ಬುದ್ಧಿ ಇರುವವರೆಲ್ಲ ಎಂತ ಉದ್ಧಾರ ಮಾಡಿದ್ದಾರೆ?"

ಜಲಜಕ್ಕ ತನ್ನ ಗಂಡನನ್ನು ನೆನೆಸಿಕೊಂಡು ಸುಮ್ಮನಾದಳು.

ಮನೆಯಲ್ಲಿ ರಾಧು ಮಗನ ಕೆಂಪಾದ ಕೈ ನೋಡಿದಳು. ಅಳುವುದಾ ಬೈಯುವುದಾ ಗೊತ್ತಾಗದೆ ಎರಡನ್ನೂ ಮಾಡಿದಳು.

"ಎಂತಕ್ಕೋ ಹೀಗೆ ಮಾಡಿದೆ?"

"ನೀನೇ ಹೇಳಿದ್ದಲ್ವಾ ಅಮ್ಮ, ಕೈ ಅಡ್ಡ ಅಂತ?"

"ನಿನ್ನ ಎಲೆಗೆ ಹಿಡಿ ಅಂದ್ರೆ ಊರವರ ಎಲೆಗೆ ಹಿಡಿಯುದಾ? ಹೋಗ್ಲಿ, ಬಿಸಿ ತಾಗಿದ್ರೆ ಭೂತಕೋಲದ ಹಾಗೆ ಕುಣಿಯುದಾ? ತಣ್ಣೀರು ಹೊಯ್ಬೇಕು! ಬಿಸಿ ಇದ್ದದ್ದಕ್ಕೆ ತಣ್ಣೀರು!"

"ಹಾಗಾ? ಆಯ್ತು ಅಮ್ಮ. ಇನ್ನು ಹಾಗೇ ಮಾಡ್ತೇನೆ."

ಈ ಸಲ ರಾಧು ಅಂಜಲ್ ಮೀನು ಕೊಂಡುಹೋದಳು. ಉದ್ದಕ್ಕೆ ಮಲಗಿಸಿದರೆ ಬುಟ್ಟಿಯಿಂದ ಬಾಲ ಹೊರಗೆ. ಜಲಜಕ್ಕ ನಿಟ್ಟುಸಿರು ಬಿಟ್ಟು, "ಕಳಿಸು" ಅಂದಳು.

ಮುದ್ದ ಹೊರಟ. ಬಿಸಿ ಇದ್ದದ್ದಕ್ಕೆ ತಣ್ಣೀರು, ಬಿಸಿ ಇದ್ದದ್ದಕ್ಕೆ ತಣ್ಣೀರು. ಹೋಗಿ ಕೂತ. ಕೂತಲ್ಲಿಂದ ಕಾವಲಿ ಕಾಣುತ್ತಿತ್ತು. ಕಾವಲಿಯ ತುಂಬ ಎಣ್ಣೆ, ಎಣ್ಣೆಯ ತುಂಬ ಅಂಜಲ್ ತುಂಡು. ವಾರಿಜ ಮಸಾಲೆ ತರಲು ಹಿಂದೆ ಹೋದಳು. ಎಣ್ಣೆ ಕಾದಿತು. ಚಟಪಟ ಅಂದಿತು. ಹೊಗೆ ಎದ್ದಿತು.

"ಅಯ್ಯೋ ಪಾಪ, ಎಷ್ಟು ಬಿಸಿ!" ಅಂದ ಮುದ್ದ. ಕುಡಿಯುವ ನೀರಿನ ಕೊಡ ಎತ್ತಿ ತಂದ. ಹೊಯ್ದ.

ಢಂ!

ಬೀದಿಯ ನಾಯಿಗಳು ಸಮುದ್ರಕ್ಕೆ ಓಡಿದವು. ಹೋಟೆಲಿನ ಬೆಕ್ಕು ಮಾಡಿಗೆ ಹತ್ತಿತು, ಆ ದಿನ ಇಳಿಯಲಿಲ್ಲ. ಅಂಜಲಿನ ಒಂದು ತುಂಡು ಹಾರಿ ಫ್ಯಾನಿನ ರೆಕ್ಕೆಯ ಮೇಲೆ ಕೂತಿತು. ಫ್ಯಾನು ತಿರುಗಿದ ಹಾಗೆ ಊಟಕ್ಕೆ ಕೂತವರ ತಲೆಗೆಲ್ಲ ಮಸಾಲೆ ಸಿಂಚನ. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ, ಓಡಿ ಬಂದ ವಾರಿಜಳ ಅರ್ಧ ಹುಬ್ಬು ಮಾತ್ರ ಹೋಯಿತು. ಉಳಿದ ಅರ್ಧ ಹುಬ್ಬು ಎತ್ತಿ ಅವಳು ಮುದ್ದನನ್ನು ನೋಡಿದಳು.

"ಇದನ್ನು ಯಾರು ಹೇಳಿಕೊಟ್ಟದ್ದು?"

"ಅಮ್ಮ!" ಅಂದ ಹೆಮ್ಮೆಯಿಂದ.

ಮನೆಯಲ್ಲಿ ಮತ್ತೆ ಅದೇ ಪುರಾಣ.

"ಎಂತಕ್ಕೋ ಹೀಗೆ ಮಾಡಿದೆ?"

"ನೀನೇ ಹೇಳಿದ್ದಲ್ವಾ ಅಮ್ಮ, ಬಿಸಿ ಇದ್ದದ್ದಕ್ಕೆ ತಣ್ಣೀರು ಅಂತ?"

"ಎಣ್ಣೆಗೆ ನೀರು ಹಾಕು ಅಂದೆನಾ? ಹೊಗೆ ಬರುವಲ್ಲಿ ನಿನಗೆಂತ ಕೆಲಸ? ಹೊಗೆ ಕಂಡ್ರೆ ಬೊಬ್ಬೆ ಹಾಕ್ಬೇಕು! ಇದ್ದವರನ್ನೆಲ್ಲ ಹೊರಗೆ ಓಡಿಸ್ಬೇಕು! ನೀನೂ ಓಡ್ಬೇಕು!"

"ಹಾಗಾ? ಆಯ್ತು ಅಮ್ಮ. ಇನ್ನು ಹಾಗೇ ಮಾಡ್ತೇನೆ."

ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನೆ ಮೇಯುತ್ತದೆ, ಅಷ್ಟೇ. ಈ ಕೋಣ ಕಿನ್ನರಿ ಕೇಳಿ ಕುಣಿಯುತ್ತದೆ, ಅದೇ ತೊಂದರೆ. ಆದರೂ ತಾಯಿ ಬಾರಿಸುವುದು ಬಿಡಲಿಲ್ಲ. ಅವಳ ಬುದ್ಧಿಗೂ ಒಂದು ನಮಸ್ಕಾರ.

ರಾಧು ಜಲಜಕ್ಕನಿಗೆ ಸಿಗಡಿ ಕೊಟ್ಟಳು, ಕಾಲಿಗೆ ಬಿದ್ದಳು. ಮುದ್ದ ಹೊರಟ. ಹೊಗೆ ಕಂಡ್ರೆ ಬೊಬ್ಬೆ, ಹೊಗೆ ಕಂಡ್ರೆ ಬೊಬ್ಬೆ. ಹೋಟೆಲು ತುಂಬಿತ್ತು. ಈ ಸಲ ವಾರಿಜ ಕಾವಲಿಗೆ ಅಡ್ಡ ಬೆಂಚು ಇಟ್ಟಿದ್ದಳು, ನೀರಿನ ಕೊಡ ಒಳಗೆ ಇಟ್ಟಿದ್ದಳು. ಮುದ್ದ ಕೂತ. ಎಲೆ ಬಂತು, ಅನ್ನ ಬಂತು, ಸಿಗಡಿ ಸುಕ್ಕ ಬಂತು. ಮುದ್ದ ಒಂದು ಸಿಗಡಿ ಎತ್ತಿ ಬಾಯಿಗೆ ಹಾಕಿ ನೆಟ್ಟಗೆ ಅಗಿದ. ಜಲಜಕ್ಕ ಎದೆಯ ಮೇಲೆ ಕೈ ಇಟ್ಟುಕೊಂಡು, ಇವತ್ತಾದರೂ ಸರಿಹೋಗಲಿ ಅಂತ ದೇವರ ಫೋಟೋಗೆ ಒಂದು ಊದುಬತ್ತಿ ಹಚ್ಚಿದಳು.

ಊದುಬತ್ತಿಯಿಂದ ನೂಲಿನಷ್ಟು ಹೊಗೆ ಎದ್ದಿತು.

"ಹೊಗೇ! ಹೊಗೇ! ಓಡೀ! ಎಲ್ರೂ ಓಡೀ!"

ಹಿಂದಿನ ಢಂ ಯಾರು ಮರೆತಿದ್ದರು? ಒಬ್ಬನೂ ಎಂತ ಅಂತ ಕೇಳಲಿಲ್ಲ. ಕೈಯಲ್ಲಿ ತುತ್ತು ಹಿಡಿದವನು ತುತ್ತು ಹಿಡಿದೇ ಓಡಿದ. ಎಲೆ ಎತ್ತಿಕೊಂಡು ಓಡಿದವರು ಕೆಲವರು. ಸೇಸಪ್ಪ ಓಡಿ ಬಸ್ಸು ಹತ್ತಿದ, ಸ್ಟಾರ್ಟ್ ಮಾಡಿದ, ಹಿಂದೆ ಓಡಿ ಬಂದವರೆಲ್ಲ ಹತ್ತಿದರು. ಯಾವ ಊರಿಗೆ ಹೋಗಬೇಕಾಗಿರಲಿಲ್ಲವೋ ಆ ಊರಿನಲ್ಲಿ ಇಳಿದು ಕೈ ತೊಳೆದರಂತೆ. ಮುದ್ದ ಹೋಟೆಲಿನ ಬಾಗಿಲಲ್ಲಿ ಎರಡೂ ಕೈ ಚಾಚಿ ನಿಂತ. ಜಲಜಕ್ಕನನ್ನೂ ಒಳಗೆ ಬಿಡಲಿಲ್ಲ.

"ಬಿಡೋ! ನನ್ನ ಹೋಟ್ಲು!"

"ಇಲ್ಲ ಜಲಜಕ್ಕ. ಹೊಗೆ ಉಂಟು."

ಊದುಬತ್ತಿ ಉರಿದು ಮುಗಿಯುವವರೆಗೆ ಬಿಡಲಿಲ್ಲ. ಬಿಟ್ಟಾಗ ಒಳಗೆ ಹೋಗಿ ನೋಡಿದರೆ ಬೆಂಚಿನ ಮೇಲೆ ಬೆಕ್ಕುಗಳು ಸಾಲಾಗಿ ಕೂತು ಮೀಸೆ ಒರೆಸಿಕೊಳ್ಳುತ್ತಿದ್ದವು. ಕಾಗೆಗಳು ಚಿಪ್ಸಿನ ಡಬ್ಬ ಖಾಲಿ ಮಾಡಿದ್ದವು.

ಜಲಜಕ್ಕ ಬೈಯಲಿಲ್ಲ. ತಾನೇ ನಡೆದು ರಾಧುವಿನ ಮನೆಗೆ ಬಂದಳು.

"ನೋಡು ರಾಧು, ನಾಡಿದ್ದು ನನ್ನ ಅಣ್ಣ ತ್ಯಾಂಪಣ್ಣ ಬರ್ತಾನೆ. ನಮ್ಮಲ್ಲಿ ಮದುವೆಗೆ ಸೋದರಮಾವನ ಮಾತೇ ಮಾತು. ಅವನ ಪಕ್ಕ ನಿನ್ನ ಮಗನನ್ನು ಕೂರಿಸ್ತೇನೆ. ಅವ ಹೂಂ ಅಂದ್ರೆ ಹೂಂ. ಇಲ್ಲಾಂದ್ರೆ ನೀನು ತಿಮಿಂಗಿಲ ತಂದು ಇಳಿಸಿದ್ರೂ ಈ ಸಂಬಂಧ ಇಲ್ಲ."

ಅವಳು ಹೋದ ಮೇಲೆ ರಾಧು ಕೂತು ಅತ್ತಳು. "ನಾನು ಸತ್ತ್ರೆ ನಿನಗೆ ಉಣ್ಣು ಅಂತ ಹೇಳುವವರು ಯಾರೋ ಮಗಾ?"

"ನೀನೇ ಹೇಳು ಅಮ್ಮ. ಸಾಯುವ ಮೊದಲು ಒಮ್ಮೆ ಹೇಳಿಬಿಡು."

ರಾಧು ಕಣ್ಣು ಒರೆಸಿಕೊಂಡಳು. ಇವನಿಗೆ ಬುದ್ಧಿ ಹೇಳಿ ಕೆಟ್ಟದ್ದು ಸಾಕು, ಇನ್ನು ಬುದ್ಧಿಯೇ ಬೇಡದ ಹಾಗೆ ಮಾಡಬೇಕು ಅಂತ ಅವಳಿಗೆ ಹೊಳೆಯಿತು.

"ಮುದ್ದಾ, ಇಲ್ಲಿ ಕೇಳು. ನಾಡಿದ್ದು ನಿನ್ನ ಮಂಡೆ ಮನೆಯಲ್ಲೇ ಬಿಟ್ಟು ಹೋಗು. ಪಕ್ಕದಲ್ಲಿ ಕೂತವರು ಎಂತ ಮಾಡ್ತಾರೋ ಅದನ್ನೇ ಮಾಡು. ಅವರು ತಿಂದ್ರೆ ತಿನ್ನು, ಎದ್ದ್ರೆ ಏಳು. ಅವರು ಹೇಗೋ ನೀನೂ ಹಾಗೆ. ಒಂದು ಕೂದಲು ಹೆಚ್ಚಿಲ್ಲ, ಕಡಿಮೆ ಇಲ್ಲ."

"ಹಾಗಾ? ಆಯ್ತು ಅಮ್ಮ. ಇನ್ನು ಹಾಗೇ ಮಾಡ್ತೇನೆ."

ತ್ಯಾಂಪಣ್ಣ ಬಂದ. ಮುಂದೆ ಹೊಟ್ಟೆ, ಹಿಂದೆ ತ್ಯಾಂಪಣ್ಣ. ಮೀಸೆ ಎರಡು ಕಡೆಗೂ ಕೊಕ್ಕೆ. ಈ ಕರಾವಳಿ ಉದ್ದಕ್ಕೂ ತನ್ನಂತೆ ಮೀನು ತಿನ್ನುವವನು ಹುಟ್ಟಿಲ್ಲ ಅಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ. ಬೇರೆ ಯಾರೂ ಹೇಳದ ಕಾರಣ. ಗೋಡೆಯ ಪಕ್ಕ ಮುದ್ದ, ಮುದ್ದನ ಪಕ್ಕ ತ್ಯಾಂಪಣ್ಣ. ಎದುರು ಬೆಂಚಿನಲ್ಲಿ ಸೇಸಪ್ಪ, ಈ ಸಲ ಅಂಗಿ ಕಳಚಿ ಬನಿಯನ್ನಿನಲ್ಲಿ. ರಾಧು ಅದುವರೆಗೆ ಯಾರಿಗೂ ಕೊಡದಷ್ಟು ದೊಡ್ಡ ಮಾಂಜಿ ಮೀನು ತಂದುಕೊಟ್ಟು, ಖಾಲಿ ಬುಟ್ಟಿ ಹಿಡಿದು ಬಾಗಿಲ ಹೊರಗೆ ನಿಂತಿದ್ದಳು. ಉಸಿರಾಡಲೂ ಹೆದರಿಕೆ.

ತ್ಯಾಂಪಣ್ಣ ಅಂಗಿಯ ಕೈ ಮಡಚಿದ. ಮುದ್ದ ಮಡಚಿದ. ತ್ಯಾಂಪಣ್ಣ ಚಿಪ್ಸ್ ಒಂದು ಕಟುಂ ಅನ್ನಿಸಿದ. ಮುದ್ದ ಕಟುಂ. ಮಾಂಜಿ ಬಂತು. ತ್ಯಾಂಪಣ್ಣ ಹೆಬ್ಬೆರಳು ಮೀನಿನ ಬೆನ್ನಿನ ಮೇಲೆ ಮೆಲ್ಲ ಒತ್ತಿ, ಮೇಲಿನ ಮಾಂಸ ಬಿಡಿಸಿ, ನಡುಮುಳ್ಳನ್ನು ಬಾಚಣಿಗೆಯ ಹಾಗೆ ಇಡಿಯಾಗಿ ಎತ್ತಿ ಎಲೆಯ ಮೂಲೆಗೆ ಇಟ್ಟ. ಮುದ್ದನ ಹೆಬ್ಬೆರಳೂ ಒತ್ತಿತು. ಮಾಂಸ ಬಿಟ್ಟಿತು. ಮುಳ್ಳು ಇಡಿಯಾಗಿ ಎದ್ದಿತು! ಹುಟ್ಟಿದ ಮೇಲೆ ಮೊದಲ ಸಲ ಆ ಕೈ ಒಂದು ಕೆಲಸ ನೆಟ್ಟಗೆ ಮಾಡಿತು.

ಜಲಜಕ್ಕ ಸೌಟು ಕೆಳಗಿಟ್ಟಳು. ವಾರಿಜ ಕಾವಲಿ ಬಿಟ್ಟು ಬಂದು ನಿಂತಳು. ಬಾಗಿಲಲ್ಲಿ ರಾಧು ಖಾಲಿ ಬುಟ್ಟಿಯನ್ನು ಎದೆಗೆ ಒತ್ತಿ ಹಿಡಿದಳು.

ತ್ಯಾಂಪಣ್ಣ ತಲೆ ಚೀಪಿದ. ಮುದ್ದ ಚೀಪಿದ. ತ್ಯಾಂಪಣ್ಣ ಓರೆಗಣ್ಣಲ್ಲಿ ನೋಡಿದ. ಮುದ್ದ ಓರೆಗಣ್ಣಲ್ಲಿ ನೋಡಿದ. "ಅರೆ! ನನ್ನ ಹಾಗೇ ತಿಂತಾನಲ್ಲ!" ಅಂತ ತ್ಯಾಂಪಣ್ಣ ಆಶ್ಚರ್ಯಪಟ್ಟದ್ದೇ, ಆ ಜಂಬದಲ್ಲಿ ಒಂದು ಮುಳ್ಳು ಗಂಟಲಿಗೆ ಸಿಕ್ಕಿತು. ಕರಾವಳಿಯ ಮಹಾಶೂರ! ಕಣ್ಣು ಕೆಂಪಾಯಿತು. ಕೆಮ್ಮಿದ. ಮುದ್ದ ಕೆಮ್ಮಿದ. ತ್ಯಾಂಪಣ್ಣ ಅನ್ನದ ದೊಡ್ಡ ಉಂಡೆ ಕಟ್ಟಿ ಅಗಿಯದೆ ನುಂಗಿದ. ಮುದ್ದನೂ ಉಂಡೆ ಕಟ್ಟಿ ಅಗಿಯದೆ ನುಂಗಿದ. ಅದು ಗಂಟಲಲ್ಲಿ ನಿಂತು ಕಣ್ಣಲ್ಲಿ ದಳದಳ ನೀರು.

ಮುಳ್ಳು ಇಳಿಯಿತು. ತ್ಯಾಂಪಣ್ಣ ತಿರುಗಿ ಮುದ್ದನ ಕಣ್ಣೀರು ನೋಡಿದ.

"ಜಲಜಾ! ನೋಡೇ ಇಲ್ಲಿ! ನನಗೆ ಮುಳ್ಳು ಸಿಕ್ಕಿದ್ದಕ್ಕೆ ಇವನ ಕಣ್ಣಲ್ಲಿ ನೀರು! ನಾನು ಹೆತ್ತ ಮಕ್ಕಳಿಗೂ ಇಷ್ಟು ಕರುಳಿಲ್ಲ! ಮೀನು ತಿನ್ನುದು ನೋಡಿದೆಯಾ? ಸಾಕ್ಷಾತ್ ನಾನೇ! ಯಾವನು ಇವನನ್ನು ಪೆದ್ದ ಅಂದದ್ದು? ಇವನಿಗೇ ನಮ್ಮ ಹುಡುಗಿ!"

ರಾಧುವಿನ ಕೈಯಿಂದ ಬುಟ್ಟಿ ಬಿತ್ತು. ಎಷ್ಟು ವರ್ಷದ ಭಾರ ಇಳಿಯಿತೋ ಅವಳಿಗೇ ಗೊತ್ತು. ವಾರಿಜ ಅರ್ಧ ಹುಬ್ಬಿನಲ್ಲೇ ನಾಚಿದಳು.

ಅಲ್ಲಿಗೆ ಎಲ್ಲರೂ ಎದ್ದು ಕೈ ತೊಳೆದಿದ್ದರೆ ಇದು ಮದುವೆಯ ಕತೆ ಆಗುತ್ತಿತ್ತು. ಆದರೆ ತ್ಯಾಂಪಣ್ಣ ದೊಡ್ಡ ಮನುಷ್ಯನಲ್ಲವಾ, ಒಂದು ಮಾತು ಕೇಳಬೇಕು ಅನ್ನಿಸಿತು. ಮೀಸೆ ತಿರುವಿದ.

"ನನಗೆ ಒಪ್ಪಿಗೆ. ನಿನಗೆ ಒಪ್ಪಿಗೆಯಾ ಮಾರಾಯ?"

ಮುದ್ದ ಇಲ್ಲದ ಮೀಸೆ ತಿರುವಿದ. "ನನಗೆ ಒಪ್ಪಿಗೆ. ನಿನಗೆ ಒಪ್ಪಿಗೆಯಾ ಮಾರಾಯ?"

ತ್ಯಾಂಪಣ್ಣ ನಕ್ಕ. ಮುದ್ದ ನಕ್ಕ.

"ತಮಾಷೆ ಸಾಕು. ಹುಡುಗಿ ಬೇಕಾ ಬೇಡ್ವಾ ಹೇಳು."

"ತಮಾಷೆ ಸಾಕು. ಹುಡುಗಿ ಬೇಕಾ ಬೇಡ್ವಾ ಹೇಳು."

"ಹೂಂ ಅನ್ನೋ ಮುದ್ದಾ!" ಬಾಗಿಲಿಂದ ರಾಧು ಕೂಗಿದಳು.

"ಹೂಂ ಅನ್ನು ಮಾರಾಯ!" ವಾರಿಜಳೂ ಕೂಗಿದಳು.

ಅವರಿಬ್ಬರೂ ಪಕ್ಕದಲ್ಲಿ ಕೂತವರಲ್ಲ. ಮುದ್ದ ತಿರುಗಿಯೂ ನೋಡಲಿಲ್ಲ. ಅಮ್ಮ ಹೇಳಿದ್ದೆಂದರೆ ಹೇಳಿದ್ದು.

ತ್ಯಾಂಪಣ್ಣನ ಮುಖ ಮೀನು ಸಾರಿನ ಬಣ್ಣಕ್ಕೆ ತಿರುಗಿತು. "ಎಂತ, ನನ್ನನ್ನು ಅಣಕಿಸ್ತೀಯಾ?"

"ಎಂತ, ನನ್ನನ್ನು ಅಣಕಿಸ್ತೀಯಾ?"

"ನಾನು ಯಾರು ಗೊತ್ತುಂಟಾ?"

"ನಾನು ಯಾರು ಗೊತ್ತುಂಟಾ?"

ತ್ಯಾಂಪಣ್ಣ ಎದ್ದ. ಮುದ್ದ ಎದ್ದ. ತ್ಯಾಂಪಣ್ಣ ಬೆಂಚಿಗೆ ಗುದ್ದಿದ. "ನಿನ್ನಂಥ ಪೆದ್ದನಿಗೆ ನಮ್ಮ ಹುಡುಗಿ ಇಲ್ಲ!"

ಮುದ್ದ ಬೆಂಚಿಗೆ ಗುದ್ದಿದ. ತ್ಯಾಂಪಣ್ಣನ ಮೂಗಿಗೆ ಬೆರಳು ತೋರಿಸಿದ. ಹೋಟೆಲಿಡೀ ಕೇಳುವ ಹಾಗೆ ಹೇಳಿದ:

"ನಿನ್ನಂಥ ಪೆದ್ದನಿಗೆ ನಮ್ಮ ಹುಡುಗಿ ಇಲ್ಲ!"

ಸೇಸಪ್ಪನಿಗೆ ನಗು ತಡೆಯಲಿಕ್ಕಾಗದೆ ಬಾಯಲ್ಲಿದ್ದ ಚಿಪ್ಸ್ ತ್ಯಾಂಪಣ್ಣನ ಮೇಲೆ ಬಿತ್ತು. ತ್ಯಾಂಪಣ್ಣ ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಮುದ್ದನೂ ಹಿಂದೆಯೇ ನಡೆದ. ರಾಧು ಅಂಗಿ ಹಿಡಿದು ಎಳೆಯದಿದ್ದರೆ ಮಾವನ ಮನೆಗೇ ಹೋಗಿ ಮಾವನ ಹಾಸಿಗೆಯಲ್ಲೇ ಮಲಗುತ್ತಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ. ಇವನು ಬಾಯಿಗೆ ಬಂದ ತುತ್ತನ್ನು ಊರವರ ಮುಖಕ್ಕೆ ಉಗುಳಿ ಬಂದ.

ಮನೆಗೆ ಬಂದಳು ರಾಧು. ಎಂತಕ್ಕೋ ಅಂತ ಕೇಳಲಿಲ್ಲ. ಮೂಲೆಯಲ್ಲಿದ್ದ, ಕಸ ಗುಡಿಸುವ ಹಿಡಿಸೂಡಿ ತೆಗೆದಳು.

"ಬೇಕಾ ನಿನಗೆ?" ಒಂದು ಬಿತ್ತು.

ಬೇಡ ಅನ್ಬಾರ್ದು. ಮುದ್ದನಿಗೆ ಮೊದಲ ಪಾಠ ಚೆನ್ನಾಗಿ ನೆನಪಿತ್ತು. ಬೇಡ ಅನ್ನಲಿಲ್ಲ.

"ಇನ್ನೂ ಬೇಕಾ?" ಇನ್ನೊಂದು ಬಿತ್ತು.

ಬೇಡ ಅನ್ನಲಿಲ್ಲ.

"ಸಾಕಾಗ್ಲಿಲ್ವಾ?" ಮತ್ತೆ ಮತ್ತೆ ಬಿತ್ತು. ಸಾಕಾಗಿತ್ತು. ತುಂಬ ಸಾಕಾಗಿತ್ತು. ಆಗ ಎರಡನೆಯ ಪಾಠ ನೆನಪಾಯಿತು: ಸಾಕಾದ್ರೆ ಬಾಯಲ್ಲಿ ಹೇಳುದಲ್ಲ, ಎಲೆಯ ಮೇಲೆ ಕೈ ಅಡ್ಡ. ಕೈ ಅಡ್ಡ ಹಿಡಿಯೋಣ ಅಂದರೆ ಎಲೆ ಎಲ್ಲಿ? ಮುದ್ದ ಹಿತ್ತಿಲಿಗೆ ಓಡಿದ. ಒಂದು ಬಾಳೆ ಎಲೆ ಕುಯ್ದು ತಂದ. ನೆಲದ ಮೇಲೆ ಹಾಸಿದ. ಚಕ್ಕಳಮಕ್ಕಳ ಕೂತ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಅಮ್ಮನ ಮುಖ ನೋಡಿದ.

ರಾಧುವಿನ ಕೈಯಿಂದ ಹಿಡಿಸೂಡಿ ಜಾರಿತು. ಎಲೆ ಹಾಕಿ ಕೂತ ಮಗನನ್ನು ನೋಡಿ ಯಾವ ತಾಯಿಗೆ ಹೊಡೆಯಲಿಕ್ಕೆ ಬರುತ್ತದೆ? ಪಾಪ, ಅಷ್ಟು ಗಲಾಟೆಯಲ್ಲಿ ಅವನು ಹೊಟ್ಟೆ ತುಂಬ ಉಂಡಿರಲೂ ಇಲ್ಲ. ಒಳಗೆ ಹೋದಳು. ಅನ್ನ ತಂದಳು, ಒಲೆಯ ಮೇಲಿದ್ದ ಬೂತಾಯಿ ಮೀನಿನ ಸಾರು ತಂದಳು. ಎದುರು ಕೂತಳು.

"ಉಣ್ಣು ಮಗಾ."

ಕೈ ಅಡ್ಡ.

"ಇನ್ನು ಹೊಡೆಯುದಿಲ್ಲ. ಕೈ ತೆಗಿ, ಉಣ್ಣು."

ಬಡಿಸ್ಲಿಕ್ಕೆ ಬಂದ್ರೆ ಕೈ ಅಡ್ಡ! ಮುದ್ದ ಕೈ ಇನ್ನೂ ಗಟ್ಟಿಯಾಗಿ ಒತ್ತಿ ಹಿಡಿದ. ಹೊಟ್ಟೆ ಗುರ್ ಅನ್ನುತ್ತಿತ್ತು, ಬಾಯಲ್ಲಿ ನೀರು ಸುರಿಯುತ್ತಿತ್ತು, ಅನ್ನ ಎದುರಿಗೇ ಇತ್ತು, ಉಣ್ಣು ಉಣ್ಣು ಅಂತ ಹೇಳುವವಳೂ ಎದುರಿಗೇ ಇದ್ದಳು. ರಾಧು ಅನ್ನದ ತಟ್ಟೆ ಹಿಡಿದುಕೊಂಡು ಹಾಗೇ ಕೂತಳು. ಅವನು ಎಲೆ ಹಿಡಿದುಕೊಂಡು ಹಾಗೇ ಕೂತ.

ಈಗಲೂ ಕೂತಿದ್ದಾರೋ ಏನೋ, ನಾನು ನೋಡಲು ಹೋಗಲಿಲ್ಲ. ನನಗೆ ಬೇರೆ ಕೆಲಸ ಉಂಟು. ಕತೆ ಮುಗಿಯಿತು, ಮಧ್ಯಾಹ್ನ ಆಯಿತು, ನಿಮ್ಮ ನಿಮ್ಮ ಮನೆಯಲ್ಲಿ ಅನ್ನ ಆರುತ್ತಿದೆ. ಎಂತ ನನ್ನ ಮುಖ ನೋಡುತ್ತೀರಿ? ಹೋಗಿ ಉಣ್ಣಿ ಅಂತಲೂ ನಾನೇ ಹೇಳಬೇಕಾ?